ಆಶ್ರಯದ ಕುದುರೆಯನ್ನು ಸಾಕಲು ಒಯ್ಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಹತ್ತಿರದ ನಮ್ಮ ಪುಟ್ಟ ಆಶ್ರಯದಿಂದ ಕುದುರೆಯನ್ನು ಸಾಕಲು ಒಯ್ಯಬಹುದೇ ಎಂದು ಕೇಳುವ ಕರೆಗಳು ಬರುತ್ತಲೇ ಇರುತ್ತವೆ. ಕೆಲವು ಕರಾವಳಿಯಿಂದ, ಕೆಲವು ಘಟ್ಟದ ಮೇಲಿನ ತೋಟಿಗರಿಂದ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಉತ್ತರಿಸುವಾಗ ಮುಖ್ಯವಾದ ಮಾತೇ ಬಿಟ್ಟುಹೋಗುತ್ತದೆ ಎಂದು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಓದಿ. ಬೆಳಿಗ್ಗೆ ಎದ್ದು ಕುದುರೆಗೆ ನೀರಿಡಬೇಕಾದವರು ಯಾರೋ ಅವರಂತೂ ಓದಲೇಬೇಕು.

ನಿಮ್ಮಲ್ಲಿ ಎಂಥ ಕುದುರೆಗಳಿವೆ? ಎಲ್ಲಿಂದ ಬರುತ್ತವೆ?

ಹೆಚ್ಚಿನವು ತಟ್ಟುಗಳು. ಇನ್ನೂರರಿಂದ ಮುನ್ನೂರು ಕಿಲೋ ತೂಕದ, ಮೈಕಟ್ಟು ಚಿಕ್ಕದಾದ ನಾಡಕುದುರೆಗಳು. ಟಾಂಗಾ ಎಳೆದವು, ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊತ್ತವು, ಕಡಲತೀರದ ಮರಳಿನಲ್ಲಿ ದಿನವಿಡೀ ಮಕ್ಕಳನ್ನು ಕೂರಿಸಿಕೊಂಡು ತಿರುಗಿದವು. ಕೆಲವನ್ನು ಮಾಲೀಕರೇ ಸಾಕಲಾಗದೆ ತಂದು ಬಿಡುತ್ತಾರೆ. ಕೆಲವು ಹೆದ್ದಾರಿಯ ಬದಿಯಲ್ಲಿ ಸಿಗುತ್ತವೆ. ಇನ್ನು ಕೆಲವನ್ನು ಪೊಲೀಸರು ಕಳುಹಿಸುತ್ತಾರೆ.

ಹೊಸ ಕುದುರೆ ಬಂದ ದಿನ ನಾನು ಮೊದಲು ನೋಡುವುದು ತುಟಿಯ ಎರಡು ಅಂಚುಗಳನ್ನು. ಮುಳ್ಳಿನ ಕಡಿವಾಣ ಹಾಕಿಸಿಕೊಂಡ ಕುದುರೆಯ ಬಾಯಿಯ ಮೂಲೆಯಲ್ಲಿ ಕೂದಲು ಬೆಳೆಯದ ಬಿಳಿ ಗೆರೆ ಉಳಿದಿರುತ್ತದೆ, ಬೆರಳಾಡಿಸಿದರೆ ಗಂಟುಗಂಟಾಗಿ ಸಿಗುತ್ತದೆ. ಇಂಥ ಕಡಿವಾಣವನ್ನು ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಹಿಂಸೆಯಾಗದಂತೆ ತಡೆಯುವ 1965ರ ನಿಯಮಗಳೇ ನಿಷೇಧಿಸಿವೆ. ಆದರೂ ಆ ಗೆರೆ ಇರುವ ಕುದುರೆಗಳು ಈಗಲೂ ಬರುತ್ತಿವೆ. ಅಂಥ ಕುದುರೆ ನಿಮ್ಮ ಕೈಯಲ್ಲಿರುವ ಹಗ್ಗವನ್ನು ಕಂಡರೆ ತಲೆ ಎತ್ತಿ ಹಿಂದೆ ಸರಿಯುತ್ತದೆ. ಅದನ್ನು ಹಟಮಾರಿತನ ಎಂದುಕೊಳ್ಳಬೇಡಿ.

ದತ್ತು ಪಡೆದರೆ ಕುದುರೆ ನಮ್ಮದಾಗುತ್ತದೆಯೇ?

ಆಗುವುದಿಲ್ಲ. ನಾವು ಕುದುರೆಯನ್ನು ಎರವಲು ಕೊಡುತ್ತೇವೆ. ಅದು ನಿಮ್ಮ ಮನೆಯಲ್ಲಿ ಇರುತ್ತದೆ, ನಿಮ್ಮ ಮೇವು ತಿನ್ನುತ್ತದೆ, ನಿಮ್ಮ ದನಿಗೆ ಕಿವಿ ನಿಮಿರಿಸುತ್ತದೆ. ಒಡೆತನ ಮಾತ್ರ ಆಶ್ರಯದ ಹೆಸರಿನಲ್ಲೇ ಉಳಿಯುತ್ತದೆ. ಈ ಉತ್ತರ ಕೇಳಿ ಮುಖ ಸಣ್ಣ ಮಾಡಿಕೊಳ್ಳುವವರು ಬಹಳ. "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಕುಮಟಾ ಕಡೆಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದರು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ಅಷ್ಟರಲ್ಲಿ ಮನೆ ಪಾಲಾಗುತ್ತದೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಸಾಕಿದವರಿಗೆ ಮೊಣಕಾಲು ನೋವು ಶುರುವಾಗುತ್ತದೆ. ಯಾರದ್ದೂ ತಪ್ಪಲ್ಲ. ಆದರೆ ಒಡೆತನ ಕೈಬದಲಾದರೆ ಕುದುರೆ ಒಂದು ಕೈಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿ, ಕೊನೆಗೆ ಎಲ್ಲಿಂದ ಬಿಡಿಸಿ ತಂದಿದ್ದೆವೋ ಅಂಥದೇ ಕಡೆ ಹೋಗಿ ನಿಲ್ಲುತ್ತದೆ. ಒಡೆತನ ನಮ್ಮಲ್ಲಿದ್ದರೆ ಅದು ಹಿಂದಿರುಗಿ ಬರಲು ಒಂದು ಬಾಗಿಲು ಯಾವಾಗಲೂ ತೆರೆದಿರುತ್ತದೆ. ಈ ಪದ್ಧತಿ ನಾವು ಹುಟ್ಟುಹಾಕಿದ್ದೂ ಅಲ್ಲ. ಬ್ರಿಟನ್ನಿನಲ್ಲಿ 1927ರಲ್ಲಿ ಆರಂಭವಾದ ವರ್ಲ್ಡ್ ಹಾರ್ಸ್ ವೆಲ್‌ಫೇರ್‌ನಂಥ ಸಂಸ್ಥೆಗಳು ಕುದುರೆಯನ್ನು ಸಾಕುಮನೆಗೆ ಕೊಟ್ಟರೂ ಒಡೆತನವನ್ನು ತಮ್ಮಲ್ಲೇ ಇಟ್ಟುಕೊಂಡು, ಹೋಗಿ ನೋಡಿ ಬರುತ್ತವೆ.

ನಮ್ಮ ಕಡೆ ದನದ ಕರುವನ್ನು ಪಾಲಿಗೆ ಸಾಕಲು ಕೊಡುವ ರೂಢಿ ಇದೆಯಲ್ಲ, ಅದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಪಾಲು ಕೇಳುವವರಿಲ್ಲ ಎಂಬುದೊಂದೇ ವ್ಯತ್ಯಾಸ.

ಕರಾರುಪತ್ರದಲ್ಲಿ ಏನೇನಿರುತ್ತದೆ?

ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ನಾವು ಮೊದಲೇ ತಿಳಿಸಿಯೂ ಬರಬಹುದು, ತಿಳಿಸದೆಯೂ ಬರಬಹುದು. ಕುದುರೆಗೆ ಕಾಯಿಲೆಯಾದರೆ ಅದೇ ದಿನ ನಮಗೆ ತಿಳಿಸಬೇಕು. ಜಾಗ ಬದಲಿಸುವುದಿದ್ದರೆ ಮೊದಲು ಕೇಳಬೇಕು.

ಇನ್ನೊಂದು ಮಾತು ಕರಾರಿನಲ್ಲಿ ಬರೆದಿರಲಿ ಬಿಡಲಿ, ನಿಮಗೆ ಅನ್ವಯಿಸುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಮಿನ ಪ್ರಕಾರ ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅದರ ಕ್ಷೇಮ ಅವರ ಹೊಣೆ. ಒಡೆತನ ನಮ್ಮದೆಂಬ ಕಾರಣಕ್ಕೆ ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ.

ಮೃಗಾಲಯದ ದತ್ತಿನಂತೆ ದುಡ್ಡು ಕೊಟ್ಟು, ಕುದುರೆಯನ್ನು ನಿಮ್ಮಲ್ಲೇ ಬಿಡಬಹುದೇ?

ಖಂಡಿತ. ಮೈಸೂರು ಮೃಗಾಲಯದಲ್ಲಿ ಪ್ರಾಣಿಯ ಮೇವಿನ ಖರ್ಚು ವಹಿಸಿ ದತ್ತು ಪಡೆಯುವಂತೆಯೇ ಇದು. ಜಾಗವಿಲ್ಲದವರು, ಪೇಟೆಯ ಮನೆಯವರು, ವಯಸ್ಸಾದವರು ಈ ದಾರಿ ಹಿಡಿದರೆ ನನಗೆ ಹೆಚ್ಚು ಸಂತೋಷ. ಹಣದ ಬದಲು ಒಣಹುಲ್ಲು ಕೊಡುವವರೂ ಇದ್ದಾರೆ. ಜನವರಿಯಲ್ಲಿ ಒಂದು ಗಾಡಿ ಒಳ್ಳೆಯ ಹುಲ್ಲು ಬಂದರೆ ಆಷಾಢದಲ್ಲಿ ನಾವು ನೆಮ್ಮದಿಯಾಗಿ ಮಲಗುತ್ತೇವೆ.

ಪೊಲೀಸರು ವಶಪಡಿಸಿಕೊಂಡ ಕುದುರೆಯನ್ನೂ ಕೊಡುತ್ತೀರಾ?

ಪ್ರಕರಣ ನ್ಯಾಯಾಲಯದಲ್ಲಿರುವ ತನಕ ಆ ಕುದುರೆ ಮೊಕದ್ದಮೆಯ ಸ್ವತ್ತು. ಅದರ ಪಾಲನೆಗೆ 2017ರ ಪ್ರತ್ಯೇಕ ನಿಯಮಗಳಿವೆ. ಅದು ಯಾರಿಗೆ ಸೇರಬೇಕೆಂದು ನ್ಯಾಯಾಲಯವೇ ತೀರ್ಮಾನಿಸಬೇಕು. ಹಾಗಾಗಿ ತೀರ್ಪು ಬರುವವರೆಗೆ ಅವು ನಮ್ಮ ಅಂಗಳ ಬಿಟ್ಟು ಹೋಗುವುದಿಲ್ಲ.

ಸವಾರಿ ಮಾಡಬಹುದೇ?

ಬಹುಪಾಲು ಕುದುರೆಗಳ ಮೇಲೆ ಇಲ್ಲ. ಬೆನ್ನುಮೂಳೆ, ಮಂಡಿ ಸವೆದವೇ ಹೆಚ್ಚು. ಆರೋಗ್ಯವಾಗಿರುವ ಕುದುರೆಗೂ ಜೀನು ಸೇರಿ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂಬುದು ಬಲ್ಲವರು ಪಾಲಿಸುವ ಲೆಕ್ಕ. 250 ಕಿಲೋ ತೂಗುವ ತಟ್ಟುವಿಗೆ ಅದು 50 ಕಿಲೋ ಆಯಿತು. ಮನೆಯಲ್ಲಿ ದೊಡ್ಡವರು ಎಷ್ಟು ತೂಗುತ್ತಾರೆಂದು ನೀವೇ ನೋಡಿಕೊಳ್ಳಿ. ಸವಾರಿಯೇ ಮುಖ್ಯವೆಂದಾದರೆ ಆಶ್ರಯದ ಕುದುರೆ ನಿಮಗೆ ಸರಿಹೊಂದುವುದಿಲ್ಲ. ಇದನ್ನು ಬೇಸರವಿಲ್ಲದೆ ಹೇಳುತ್ತಿದ್ದೇನೆ, ನೀವೂ ಬೇಸರವಿಲ್ಲದೆ ಕೇಳಿ.

ನಮ್ಮದು ಹೋಂಸ್ಟೇ. ಅತಿಥಿಗಳ ಮಕ್ಕಳಿಗಾಗಿ ಒಂದು ಕುದುರೆ ಬೇಕು.

ಕೊಡುವುದಿಲ್ಲ. ಮದುವೆಗೂ, ಚಿತ್ರೀಕರಣಕ್ಕೂ, ಊರ ಮೆರವಣಿಗೆಗೂ ಇದೇ ಉತ್ತರ.

ಅರ್ಜಿ ಹಾಕಿದವರನ್ನು ಮಳೆಗಾಲದಲ್ಲೇ ಬಂದು ನೋಡುತ್ತೀರಂತೆ, ಏಕೆ?

ಇದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ಇದನ್ನು ನಾವು ಕಲಿತದ್ದು ಒಂದು ಕುದುರೆಯ ಕಾಲಿನಿಂದ.

ರಾಣಿ ಎಂಬ ಕಂದು ಹೆಣ್ಣುಕುದುರೆಯನ್ನು ಅಂಕೋಲಾ ಕಡೆಯ ಮನೆಯೊಂದಕ್ಕೆ ಕೊಟ್ಟಿದ್ದೆವು. ಜನವರಿಯಲ್ಲಿ ಹೋಗಿ ನೋಡಿದಾಗ ಅಂಗಳ ಒಣಗಿ ಗಟ್ಟಿಯಾಗಿತ್ತು, ಗದ್ದೆ ಕೊಯ್ದಾಗಿತ್ತು, ಹುಲ್ಲಿನ ಬಣವೆ ಮನೆಯೆತ್ತರ ನಿಂತಿತ್ತು. ಮನೆಯವರು ಸಜ್ಜನರು. ಅದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ನಾನೇ ಬರೆದುಕೊಟ್ಟೆ. ಶ್ರಾವಣದಲ್ಲಿ ಅವರಿಂದ ಕರೆ ಬಂತು: ಕುದುರೆ ಹಿಂಗಾಲು ಊರುತ್ತಿಲ್ಲ. ಹೋಗಿ ಗೊರಸು ಎತ್ತಿ ನೋಡಿದರೆ ಅಡಿಯಲ್ಲಿರುವ ತ್ರಿಕೋನದಂಥ ಮೆತ್ತನೆಯ ಭಾಗ ಕಪ್ಪಾಗಿ, ಬೆರಳಿಟ್ಟರೆ ಒಳಗಿಳಿಯುವಷ್ಟು ಕೊಳೆತಿತ್ತು. ಆ ವಾಸನೆ ಒಮ್ಮೆ ಮೂಗಿಗೆ ಬಂದರೆ ಮರೆಯುವಂಥದ್ದಲ್ಲ. ಜನವರಿಯಲ್ಲಿ ಗಟ್ಟಿಯಾಗಿದ್ದ ಅಂಗಳ ಜೂನ್‌ನಿಂದ ಪಾದ ಮುಳುಗುವ ಕೆಸರಾಗಿತ್ತು. ಎರಡು ತಿಂಗಳು ಅದು ಒಣನೆಲವನ್ನೇ ಮೆಟ್ಟಿರಲಿಲ್ಲ. ತಪ್ಪು ಅವರದ್ದಲ್ಲ, ನನ್ನದು. ಕುದುರೆಗೆ ಜಾಗ ಹುಡುಕುವವನು ಬೇಸಿಗೆಯ ಅಂಗಳ ನೋಡಿ ಬಂದಿದ್ದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕುದುರೆ ಮೂಲತಃ ಒಣ ಬಯಲಿನ ಪ್ರಾಣಿ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದುದು ನಮ್ಮದೇ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಇಳಿದವು ಘಟ್ಟ ಹತ್ತಿ ಬಯಲುಸೀಮೆ ಸೇರುತ್ತಿದ್ದವು. ಈ ಜಿಲ್ಲೆಯಲ್ಲಿ ಕುದುರೆ ಸಾಕಲಾಗದು ಎಂದು ಇದರ ಅರ್ಥವಲ್ಲ. ನಾವೇ ಸಾಕುತ್ತಿದ್ದೇವೆ. ಆದರೆ ನಾಲ್ಕು ತಿಂಗಳು ಅದಕ್ಕೆ ನಿಲ್ಲಲು ಒಣನೆಲ ಬೇಕು, ಬೆನ್ನಿನ ಮೇಲೆ ಸೋರದ ಮಾಡು ಬೇಕು. ಸತತವಾಗಿ ನೆನೆದರೆ ಬೆನ್ನಿನ ಚರ್ಮವೂ ಹಕ್ಕಳೆ ಕಟ್ಟಿ, ಕೂದಲು ಗೊಂಚಲು ಗೊಂಚಲಾಗಿ ಕಿತ್ತು ಬರುತ್ತದೆ.

ಆದ್ದರಿಂದ ಈಗ ಜುಲೈನಲ್ಲಿ ಬರುತ್ತೇವೆ. ಕೊಡೆ ಹಿಡಿದು ನಿಮ್ಮ ಅಂಗಳದಲ್ಲಿ ಅಡ್ಡಾಡುತ್ತೇವೆ. ಜನವರಿಯಲ್ಲಿ ಅರ್ಜಿ ಹಾಕಿದವರು ಆರು ತಿಂಗಳು ಕಾಯಬೇಕಾಗುತ್ತದೆ. ಕೆಲವರು ಅಷ್ಟರಲ್ಲಿ ಮನಸ್ಸು ಬದಲಿಸುತ್ತಾರೆ. ಅದೂ ಒಳ್ಳೆಯದೇ. ರಾಣಿಯ ಕಾಲು ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಅದು ಈಗ ನಮ್ಮಲ್ಲೇ ಇದೆ.

ದನದ ಕೊಟ್ಟಿಗೆಯಲ್ಲೇ ಒಂದು ಮೂಲೆ ಮಾಡಿಕೊಟ್ಟರೆ ಸಾಲದೇ?

ಮಲೆನಾಡಿನ ಕೊಟ್ಟಿಗೆಯಲ್ಲಿ ಸೊಪ್ಪು ಹಾಸಿ, ಸಗಣಿ ಗಂಜಲ ಬಿದ್ದಂತೆ ಮತ್ತೆ ಸೊಪ್ಪು ಹಾಸಿ ಗೊಬ್ಬರ ಮಾಡುತ್ತೇವೆ. ತೋಟಕ್ಕೆ ಅದು ಅಮೃತ, ಕುದುರೆಯ ಗೊರಸಿಗೆ ವಿಷ. ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪಿನಲ್ಲಿ ಯಾವ ಎಲೆ ಇರುತ್ತದೆಯೋ ತಿಳಿಯದು, ಕುದುರೆ ಹಾಸಿದ್ದನ್ನೂ ತಿನ್ನುತ್ತದೆ. ಗಂಜಲದ ಘಾಟು ಅದರ ಶ್ವಾಸಕೋಶಕ್ಕೂ ಆಗದು.

ತಟ್ಟುವಿಗೆ ಕನಿಷ್ಠ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಬೇಕು. ದೊಡ್ಡ ಕುದುರೆಗೆ ಹನ್ನೆರಡಡಿ. ಅದು ತಲೆ ಎತ್ತಿದರೂ ತೊಲೆಗೆ ತಾಗದಷ್ಟು ಎತ್ತರ ಬೇಕು. ನಮ್ಮ ಹಳೆಯ ಕೊಟ್ಟಿಗೆಗಳಲ್ಲಿ ಸೋಲುವುದು ಇಲ್ಲಿಯೇ. ನುಣುಪಾದ ಸಿಮೆಂಟು ಬೇಡ, ಜಾರುತ್ತದೆ. ಕೆಂಪುಕಲ್ಲು ಹಾಸಿ, ನೀರು ಹರಿದು ಹೋಗುವಷ್ಟು ಇಳಿಜಾರು ಕೊಟ್ಟು, ಮೇಲೆ ಒಣಹುಲ್ಲು ಹಾಸಿ ದಿನವೂ ಬದಲಿಸಿದರೆ ಸಾಕು. ರಾತ್ರಿ ಬಾಗಿಲು ಭದ್ರವಾಗಿರಲಿ. ಚಿರತೆ ಓಡಾಡುವ ಊರುಗಳಲ್ಲಿ ಇದನ್ನು ನಾನು ಎರಡು ಸಲ ಹೇಳುತ್ತೇನೆ.

ಮೇವು ಏನು, ಎಷ್ಟು?

ಕುದುರೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ಬೇಕು. 250 ಕಿಲೋ ತಟ್ಟುವಿಗೆ ದಿನಕ್ಕೆ ಸುಮಾರು 5 ಕಿಲೋ, ತಿಂಗಳಿಗೆ 150. ಮಳೆಯ ನಾಲ್ಕು ತಿಂಗಳಿಗೆ 600 ಕಿಲೋ ಒಣಹುಲ್ಲನ್ನು ಬೆಚ್ಚಗೆ ಅಟ್ಟದಲ್ಲಿಟ್ಟಿರಬೇಕು. ಹೊರಗೆ ಹಸಿಹುಲ್ಲು ಬೇಕಾದಷ್ಟಿದೆಯಲ್ಲ ಎನ್ನುತ್ತಾರೆ. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ಹಿಡಿಯುವುದಿಲ್ಲ.

ಭತ್ತದ ಹುಲ್ಲೊಂದನ್ನೇ ನಂಬಬೇಡಿ, ಅದರಲ್ಲಿ ಸತ್ವ ಕಡಿಮೆ. ಬೇಣದ (ಹುಲ್ಲುಗಾವಲಿನ) ಹುಲ್ಲು ತೆನೆ ಬಲಿಯುವ ಮೊದಲೇ ಕೊಯ್ದು ಒಣಗಿಸಿದ್ದಾದರೆ ಒಳ್ಳೆಯದು. ಘಟ್ಟದಾಚೆಯಿಂದ ಜೋಳದ ಮೇವು ತರಿಸುವವರಿದ್ದಾರೆ. ಕುದುರೆ ಮಸಾಲೆ ಸೊಪ್ಪು ಸಿಕ್ಕರೆ ಸ್ವಲ್ಪ ಸ್ವಲ್ಪ ಕೊಡಿ. ಹುರುಳಿಯನ್ನು ನೆನೆಸಿ ಬೇಯಿಸಿ ಹಿಡಿಯಷ್ಟು. ದುಡಿಯದ ಕುದುರೆಗೆ ಅದಕ್ಕಿಂತ ಹೆಚ್ಚು ಕಾಳು ಬೇಕಾಗಿಲ್ಲ. ತೌಡು, ಬೂಸಾವನ್ನೇ ದಿನವೂ ಸುರಿದರೆ ರಂಜಕ ಹೆಚ್ಚಾಗಿ ಮೂಳೆ ಮೆತ್ತಗಾಗುತ್ತದೆ.

ಕುದುರೆ ಮೆಲುಕು ಹಾಕುವುದಿಲ್ಲ ಎಂಬುದನ್ನು ದನ ಸಾಕಿದವರು ಮರೆಯುತ್ತಾರೆ. ಹಸುವಿನಂತೆ ಗಬಗಬನೆ ತಿಂದು ಮಲಗಿ ಮೆಲ್ಲುವ ಜಾತಿಯಲ್ಲ. ದಿನದ ಹದಿನಾಲ್ಕು ಹದಿನಾರು ಗಂಟೆ ಕೊಂಚ ಕೊಂಚವೇ ಮೇಯುವ ಪ್ರಾಣಿ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಾಕಿ ಮುಗಿಸಿದರೆ ನಡುವೆ ಖಾಲಿ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಐದು ಕಿಲೋವನ್ನು ನಾಲ್ಕೈದು ಸಲ ಹಂಚಿ ಹಾಕಿ. ನೀರು ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್, ಸೆಕೆ ಇದ್ದರೆ ಇನ್ನೂ ಹೆಚ್ಚು.

ಇವುಗಳನ್ನು ಎಂದಿಗೂ ಕೊಡಬೇಡಿ: ಬೂಷ್ಟು ಹಿಡಿದ ಹುಲ್ಲು (ದನ ತಿಂದು ದಕ್ಕಿಸಿಕೊಳ್ಳಬಹುದು, ಕುದುರೆಗೆ ಆಗದು), ಯೂರಿಯಾ ಹಾಕಿದ ಮೇವು, ಕೋಳಿಯ ಆಹಾರ. ಕೋಳಿಯ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುವುದುಂಟು. ಕೋಳಿಗೆ ಏನೂ ಆಗದ ಪ್ರಮಾಣದಲ್ಲಿ ಅದು ಕುದುರೆಯ ಹೃದಯವನ್ನೇ ಕೆಡಿಸುತ್ತದೆ. ಅಂಗಳದಲ್ಲಿ ದೇವರಿಗೆಂದು ನೆಟ್ಟ ಕಣಗಿಲೆ ಇದ್ದರೆ ಕುದುರೆ ಬರುವ ಮೊದಲು ಅದಕ್ಕೆ ಬೇಲಿ ಹಾಕಿ, ಸವರಿದ ಕೊಂಬೆಗಳನ್ನೂ ಎಸೆದು ಬಿಡಬೇಡಿ. ಒಣಗಿದ ಎಲೆಯೂ ಅಷ್ಟೇ ವಿಷ. ಲಂಟಾನವೂ ಬೇಡ.

ಕಾರವಾರದಲ್ಲಿ ಸಮುದ್ರದ ಪಕ್ಕದಲ್ಲೇ ನಮ್ಮ ಮನೆ. ಕುದುರೆಗೆ ಮರಳು ಒಳ್ಳೆಯದಲ್ಲವೇ?

ಓಡಾಡಲು ಒಳ್ಳೆಯದು, ಮೇವು ಹಾಕಲು ಕೆಟ್ಟದ್ದು. ಮರಳಿನ ಮೇಲೆ ಹುಲ್ಲು ಹಾಕಿದರೆ ತುತ್ತಿನೊಡನೆ ಮರಳೂ ಒಳಹೋಗಿ ಕರುಳಿನಲ್ಲಿ ಕೂರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಹೊಟ್ಟೆನೋವು ಬರುತ್ತದೆ. ಮೇವಿಗೆ ಮರದ ತೊಟ್ಟಿಯೋ ದಪ್ಪ ರಬ್ಬರ್ ಚಾಪೆಯೋ ಇರಲಿ. ಅನುಮಾನ ಬಂದರೆ ನಾಲ್ಕು ಲದ್ದಿ ಉಂಡೆಗಳನ್ನು ಪಾರದರ್ಶಕ ಡಬ್ಬಿಯ ನೀರಿನಲ್ಲಿ ಕದಡಿ ಇಡಿ, ಮರಳಿದ್ದರೆ ತಳದಲ್ಲಿ ಕಾಣುತ್ತದೆ.

ಕರಾವಳಿಯ ಸೆಕೆಯಲ್ಲಿ ಇನ್ನೊಂದು ಅಪಾಯವಿದೆ. ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಏಪ್ರಿಲ್ ಮಧ್ಯಾಹ್ನ ಉಳಿದ ಕುದುರೆಗಳ ಕತ್ತು ಒದ್ದೆಯಾಗಿರುವಾಗ ಒಂದರ ಮೈ ಮಾತ್ರ ಒಣಗಿ, ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತಿದ್ದರೆ ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಹೊಯ್ದು ವೈದ್ಯರಿಗೆ ಹೇಳಿ. ಅಂಥ ಕುದುರೆಯನ್ನು ನಾವು ಘಟ್ಟದ ಮೇಲಕ್ಕೆ ವಾಪಸು ತರುತ್ತೇವೆ.

ಒಂದೇ ಕುದುರೆ ಸಾಕು, ಎರಡು ಬೇಡ.

ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಬಿಟ್ಟರೆ ಬೇಲಿಯುದ್ದಕ್ಕೂ ನಡೆದಾಡುತ್ತದೆ, ಮರದ ಕಂಬ ಕಚ್ಚಿ ಗಾಳಿ ನುಂಗುವ ಚಟ ಹಿಡಿಸಿಕೊಳ್ಳುತ್ತದೆ. ಹಾಗಾಗಿ ಜೋಡಿಯಾಗಿ ಕೊಡುವುದೇ ವಾಡಿಕೆ. ಬಾದಲ್ ಎಂಬ ಮುದಿ ಗಂಡುಕುದುರೆ ಮಾತ್ರ ಇದಕ್ಕೆ ಹೊರತು. ಸಿದ್ದಾಪುರದ ಮನೆಯೊಂದರಲ್ಲಿ ಅದು ಎಮ್ಮೆಯೊಂದನ್ನು ಅಂಟಿಕೊಂಡಿದೆ. ಎಮ್ಮೆ ಹೊಂಡಕ್ಕಿಳಿದರೆ ಇದು ದಡದಲ್ಲಿ ನಿಂತು ಕಾಯುತ್ತದೆ, ಎದ್ದು ಬಂದ ಮೇಲೆ ಎರಡೂ ಮನೆಗೆ ಬರುತ್ತವೆ. ಇಂಥದ್ದು ಆಗುವುದುಂಟು, ಆದರೆ ಆಗಿಯೇ ಆಗುತ್ತದೆ ಎಂದು ನಂಬಿ ನಾವು ಕೊಡಲಾರೆವು.

ವೈದ್ಯರು, ಲಾಳ, ಇತ್ಯಾದಿ?

ಊರಿನ ಪಶು ಆಸ್ಪತ್ರೆಯ ವೈದ್ಯರನ್ನು ಮೊದಲೇ ಭೇಟಿ ಮಾಡಿ, ಕುದುರೆ ಬರುತ್ತಿದೆ ಎಂದು ಹೇಳಿಡಿ. ನಮ್ಮ ಜಿಲ್ಲೆಯಲ್ಲಿ ಅವರು ದಿನವೂ ನೋಡುವುದು ದನ, ಎಮ್ಮೆ, ನಾಯಿ. ಕುದುರೆಯ ಔಷಧಿ ತರಿಸಿಡಲು ಅವರಿಗೂ ಸಮಯ ಬೇಕು. ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸುವಂತಿಲ್ಲ, ಕುದುರೆಯಷ್ಟು ಸುಲಭವಾಗಿ ಅದಕ್ಕೆ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ. ಹುಚ್ಚುನಾಯಿ ರೋಗದ ಚುಚ್ಚುಮದ್ದೂ ವರ್ಷವರ್ಷ ಆಗಬೇಕು. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಬೇಕು. ನಮ್ಮ ಕುದುರೆಗಳಿಗೆ ಹೆಚ್ಚಾಗಿ ಲಾಳ ಕಟ್ಟುವುದಿಲ್ಲ, ಆದರೂ ಗೊರಸು ಬಲ್ಲವರು ಬೇಕೇ ಬೇಕು. ಅಂಥವರು ಇಲ್ಲಿ ಕಡಿಮೆ. ಘಟ್ಟದಾಚೆಯಿಂದ ಬರುವವರೊಬ್ಬರು ನಮ್ಮಲ್ಲಿಗೆ ಬಂದಾಗ ನಿಮ್ಮ ಮನೆಗೂ ಬರುವಂತೆ ಏರ್ಪಾಡು ಮಾಡುತ್ತೇವೆ. ದಿನವೂ ಗೊರಸಿನ ಮಣ್ಣು ಕೆರೆದು ತೆಗೆಯುವ ಕೆಲಸವಂತೂ ನಿಮ್ಮದೇ. ಅದನ್ನು ಕಲಿಸಿಯೇ ಕಳುಹಿಸುತ್ತೇವೆ.

ವರ್ಷಕ್ಕೊಮ್ಮೆ ಹಲ್ಲು ನೋಡಿಸಿ. ಕುದುರೆಯ ಹಲ್ಲು ಸವೆದಂತೆ ಮೇಲೆ ಬರುತ್ತಲೇ ಇರುತ್ತದೆ, ಓರೆಯಾಗಿ ಸವೆದರೆ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ. ತೊಟ್ಟಿಯ ಬಳಿ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ಅದೇ ಗುರುತು.

ರಾತ್ರಿ ಹೊಟ್ಟೆನೋವು ಬಂದರೆ ಏನು ಮಾಡಬೇಕು?

ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ಪಕ್ಕೆಯನ್ನೇ ನೋಡುವುದು, ಮಲಗಿ ಎದ್ದು ಮತ್ತೆ ಮಲಗುವುದು, ಲದ್ದಿ ನಿಲ್ಲುವುದು, ಇವು ಲಕ್ಷಣಗಳು. ಮೇವನ್ನೆಲ್ಲ ತೆಗೆಯಿರಿ. ವೈದ್ಯರಿಗೆ, ನಮಗೆ ಕರೆ ಮಾಡಿ, ಎಷ್ಟು ಹೊತ್ತಾದರೂ ಸರಿ. ಅದು ಉರುಳಾಡುತ್ತಿದ್ದರೆ ಎಬ್ಬಿಸಿ ನಿಧಾನವಾಗಿ ನಡೆಸಿ.

ಮುಖ್ಯವಾಗಿ, ಗೊಟ್ಟದಲ್ಲಿ (ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆಯಲ್ಲಿ) ಎಣ್ಣೆ ಹೊಯ್ಯಬೇಡಿ. ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ನಮ್ಮ ಹಿರಿಯರು ಮಾಡುತ್ತಿದ್ದುದನ್ನು ಕುದುರೆಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅದರ ಹೊಟ್ಟೆಗೆ ಹೋದದ್ದು ಮುಂದಕ್ಕೇ ಹೋಗಬೇಕು, ಇಲ್ಲವೇ ಹೊಟ್ಟೆ ಒಡೆಯಬೇಕು. ಎಣ್ಣೆ ಕೊಡಲೇಬೇಕಾದರೆ ವೈದ್ಯರು ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ ಇಳಿಸಿ ಕೊಡುತ್ತಾರೆ.

ಕುದುರೆಯಿಂದ ಮನುಷ್ಯರಿಗೆ ರೋಗ ಬರುತ್ತದೆಯೇ?

ಗ್ಲ್ಯಾಂಡರ್ಸ್ ಎಂಬ ರೋಗ ಬರಬಹುದು. ಅದಕ್ಕೆ ಲಸಿಕೆ ಇಲ್ಲ, ಸೋಂಕು ದೃಢಪಟ್ಟ ಕುದುರೆಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಆದ್ದರಿಂದ ನಮ್ಮಲ್ಲಿಗೆ ಬರುವ ಪ್ರತಿ ಕುದುರೆಯೂ ಮೊದಲು ಪ್ರತ್ಯೇಕ ಜಾಗದಲ್ಲಿರುತ್ತದೆ. ರಕ್ತಪರೀಕ್ಷೆಯ ವರದಿ ಬಂದ ಮೇಲೆಯೇ ಉಳಿದವುಗಳ ಜೊತೆ ಸೇರುತ್ತದೆ. ಈ ರೋಗಕ್ಕೆ ದೇಶದ ಮುಖ್ಯ ಪ್ರಯೋಗಾಲಯ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಆ ವರದಿಯ ಪ್ರತಿಯನ್ನು ನಿಮಗೂ ಕೊಡುತ್ತೇವೆ, ಕೇಳಿ ಪಡೆಯಿರಿ.

ಲದ್ದಿಯಲ್ಲಿ ಧನುರ್ವಾಯುವಿನ ಕಣಗಳಿರುತ್ತವೆ. ಬರಿಗಾಲಿನಲ್ಲಿ ಗೊಬ್ಬರ ಮೆಟ್ಟುವ ಮನೆಯವರೂ ಚುಚ್ಚುಮದ್ದು ಹಾಕಿಸಿಕೊಂಡಿರಿ. ಕಾಡಂಚಿನಲ್ಲಿ ಮೇಯ್ದು ಬಂದ ಕುದುರೆಯ ಕಿವಿ, ಕುತ್ತಿಗೆ, ಬಾಲದ ಬುಡದಲ್ಲಿ ಉಣುಗು ಹುಡುಕಿ. ಸಿದ್ದಾಪುರ, ಹೊನ್ನಾವರ ಭಾಗದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡಿರುವುದು ನಿಮಗೆ ಗೊತ್ತಿದ್ದದ್ದೇ. ನವೆಂಬರಿನಿಂದ ಮೇ ತನಕ ಹುಲ್ಲಿಗೆ ಕಾಡು ಹೊಗುವವರೂ ಎಚ್ಚರವಾಗಿರಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಇರಲಿ, ದೊಡ್ಡವರ ಕಣ್ಣಳತೆಯಲ್ಲಿರಲಿ. ಕುದುರೆಗೆ ನೇರ ಹಿಂದಿನದ್ದು ಕಾಣುವುದಿಲ್ಲ, ಹಣೆಯ ಮುಂದಿನದ್ದೂ ಕಾಣುವುದಿಲ್ಲ. ಭುಜದ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಲು ಕಲಿಸಿ. ಕಿವಿ ಹಿಂದಕ್ಕೆ ಚಪ್ಪಟೆಯಾಗಿ ಮಲಗಿದರೆ ಅಲ್ಲೇ ನಿಲ್ಲಬೇಕು. ನಮ್ಮ ಆಶ್ರಯಕ್ಕೆ ಬರುವ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಸಾಗಾಟ ಯಾರ ಹೊಣೆ?

ನಮ್ಮದು. 1978ರ ಪ್ರಾಣಿ ಸಾಗಾಣಿಕೆ ನಿಯಮಗಳಂತೆ ವೈದ್ಯರ ಪ್ರಮಾಣಪತ್ರ ಪಡೆದು ನಸುಕಿನಲ್ಲಿ ಹೊರಡುತ್ತೇವೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕುದುರೆ ನಾಲ್ಕೂ ಕಾಲು ಅಗಲಿಸಿ, ಪ್ರತಿ ತಿರುವಿಗೂ ಮೈ ಬಿಗಿ ಹಿಡಿದು ನಿಲ್ಲುತ್ತದೆ. ಕುಮಟಾ ತಲುಪುವ ಹೊತ್ತಿಗೆ ಗದ್ದೆ ಉತ್ತು ಬಂದಷ್ಟು ದಣಿದಿರುತ್ತದೆ. ಬಂದ ದಿನ ನೆಂಟರಿಷ್ಟರನ್ನು ಕರೆಯಬೇಡಿ, ಆರತಿ ಎತ್ತುವುದಿದ್ದರೂ ದೂರದಿಂದ. ನೀರು, ಹುಲ್ಲು, ನೆರಳು, ಆಮೇಲೆ ಅದರ ಪಾಡಿಗೆ ಬಿಡಿ.

ಸಾಕಲಾಗದಿದ್ದರೆ ವಾಪಸು ಕೊಡಬಹುದೇ?

ಯಾವಾಗ ಬೇಕಾದರೂ, ಯಾವ ಕಾರಣಕ್ಕೂ. ಕಾರಣ ಕೇಳುತ್ತೇವೆ, ಆಕ್ಷೇಪಿಸುವುದಿಲ್ಲ. ಸಂಕೋಚಪಟ್ಟು ತಡಮಾಡುವವರೇ ನನಗೆ ಹೆಚ್ಚು ಚಿಂತೆ ತರುವವರು. "ಈ ತಿಂಗಳು ಹೇಗೋ ದೂಡೋಣ" ಎನ್ನುತ್ತಾ ಮೂರು ತಿಂಗಳು ಕಳೆಯುವಷ್ಟರಲ್ಲಿ ಕುದುರೆಯ ಪಕ್ಕೆಲುಬು ಎಣಿಸುವಂತಾಗಿರುತ್ತದೆ. ಮನೆಯಲ್ಲಿ ಕಷ್ಟ ಬಂದ ದಿನವೇ ಫೋನ್ ಮಾಡಿ.

ವಯಸ್ಸಾಗಿ ಸತ್ತರೆ?

ಮೊದಲು ನಮಗೆ ತಿಳಿಸಿ. ಬಾವಿ, ಹಳ್ಳದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆಸಿ, ಸುಣ್ಣ ಹಾಕಿ ಹೂಳಬೇಕು. ಜೆಸಿಬಿ ಖರ್ಚು ನಮ್ಮದು. ಅದರ ಜೊತೆಗಾರ ಕುದುರೆಗೆ ಹೂಳುವ ಮೊದಲು ಮೂಸಿ ನೋಡಲು ಸ್ವಲ್ಪ ಹೊತ್ತು ಬಿಡಿ. ಹಾಗೆ ಬಿಟ್ಟ ಕುದುರೆ ಆಮೇಲೆ ಕಡಿಮೆ ಹುಡುಕಾಡುವುದನ್ನು ನಾನು ಕಂಡಿದ್ದೇನೆ. ವಾಸಿಯಾಗದ ನೋವಿದ್ದರೆ ವೈದ್ಯರ ಸಲಹೆಯಂತೆ ನೋವಿಲ್ಲದೆ ಕಳುಹಿಸಿಕೊಡುವ ತೀರ್ಮಾನವನ್ನು ನಾವೇ ತೆಗೆದುಕೊಳ್ಳುತ್ತೇವೆ. ಆ ಭಾರ ನಿಮ್ಮ ಮೇಲೆ ಬೀಳುವುದಿಲ್ಲ.

ಹೆದ್ದಾರಿಯಲ್ಲಿ ಎಲುಬು ಕಾಣುವ ಕುದುರೆ ನಿಂತಿದೆ. ಏನು ಮಾಡಲಿ?

ರಸ್ತೆಯಿಂದ ಈಚೆ ತಂದು ನೆರಳಿನಲ್ಲಿ ನಿಲ್ಲಿಸಿ, ನೀರು ಕೊಡಿ, 1962ಕ್ಕೂ ಪೊಲೀಸರಿಗೂ ತಿಳಿಸಿ. ಕರುಣೆಯಿಂದ ಬಕೆಟ್ ತುಂಬ ಹುರುಳಿಯೋ ಅನ್ನವೋ ತಂದು ಹಾಕಬೇಡಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಕಾಳು ಬಿದ್ದರೆ ರಕ್ತದ ಲವಣಗಳ ಸಮತೋಲ ತಪ್ಪಿ ಕೆಲವೇ ದಿನಗಳಲ್ಲಿ ಕುದುರೆ ಸಾಯಬಹುದು. ಹಿಡಿಯಷ್ಟು ಒಣಹುಲ್ಲು, ಕೆಲವು ಗಂಟೆ ಬಿಟ್ಟು ಮತ್ತೆ ಹಿಡಿಯಷ್ಟು. ಅಷ್ಟೇ.

ಮೊದಲ ಸಲ ನೋಡಲು ಬರುವಾಗ ಏನು ತರಬೇಕು?

ಬೆಳಿಗ್ಗೆ ಆರೂವರೆಗೆ ಬನ್ನಿ, ಮೊದಲ ಮೇವಿನ ಹೊತ್ತು. ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ಮಳೆ ಇದ್ದರೆ ರೇನ್‌ಕೋಟು ಇರಲಿ, ಕೊಡೆ ಬಿಚ್ಚಿದರೆ ಹೊಸ ಕುದುರೆಗಳು ಬೆಚ್ಚುತ್ತವೆ. ನಿಮ್ಮ ಅಂಗಳದ ಫೋಟೋ ಇದ್ದರೆ ತನ್ನಿ, ಮಳೆಗಾಲದಲ್ಲಿ ತೆಗೆದದ್ದು. ಬೆಲ್ಲ, ಬಾಳೆಹಣ್ಣು ತರಬೇಡಿ. ಗೊರಸಿನ ಊತ ಇರುವ ಎರಡು ಕುದುರೆಗಳಿಗೆ ಸಿಹಿ ಆಗದು, ಅವಕ್ಕೆ ಬಿಟ್ಟು ಉಳಿದವಕ್ಕೆ ಕೊಟ್ಟರೆ ಅವು ದಿನವಿಡೀ ಗೇಟಿನ ಬಳಿಯೇ ನಿಂತಿರುತ್ತವೆ. ಬಂದವರು ಮೊದಲು ಒಂದು ಗಂಟೆ ಲದ್ದಿ ತೆಗೆಯಲು ಕೈಜೋಡಿಸಬೇಕು. ಬುಟ್ಟಿ, ಸಲಿಕೆ ಇಲ್ಲೇ ಇವೆ. ಚಹಾ ಆಮೇಲೆ.